ವಿಟಮಿನ್ ಸಿ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಬರುವುದು ಹೇಗೆ?

ತೀರ್ಥಹಳ್ಳಿಯವಳು:
ಕೋವಿಡ್ ಕಾಲದಲ್ಲಿ ಶುರು ಮಾಡಿದ ಚೀಪುವ ಮಾತ್ರೆಯನ್ನು ನಮ್ಮ ಅಪ್ಪಯ್ಯ ಇನ್ನೂ ಬಿಟ್ಟಿಲ್ಲ. 500 ಮಿಲಿಗ್ರಾಂನದು, ಮಳೆಗಾಲ ಹಿಡಿಯಿತೆಂದರೆ ಬೆಳಿಗ್ಗೆ ಎರಡು, ರಾತ್ರಿ ಎರಡು. ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು, ಅದೇ ನನ್ನ ಚಿಂತೆ. ಈ ಮಾತ್ರೆ ಒಳಗೆ ಹೋಗಿ ಮಾಡುವುದೇನು? ಬಲ್ಲವರು ಬಿಡಿಸಿ ಹೇಳಿ.

ಗಾಜುಪಟ್ಟಿ:
ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಬಣ್ಣ ಹಾಕಿದ ರಕ್ತದ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಹೆಚ್ಚಾಗಿ ಕಾಣುವ ಬಿಳಿಕಣ ನ್ಯೂಟ್ರೋಫಿಲ್: ಮೂರು ನಾಲ್ಕು ಹಾಲೆಗಳ ನೇರಳೆ ಕೇಂದ್ರ, ಸುತ್ತ ನಸುಗೆಂಪು ಚುಕ್ಕಿಗಳು. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವುದಕ್ಕಿಂತ 50ರಿಂದ 100 ಪಟ್ಟು ಸಾಂದ್ರವಾಗಿ ಅದು ವಿಟಮಿನ್ ಸಿಯನ್ನು ಕೂಡಿಟ್ಟುಕೊಳ್ಳುತ್ತದೆ. ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲು ತಾನೇ ತಯಾರಿಸುವ ಹೈಪೊಕ್ಲೋರಸ್ ಆಮ್ಲದಂಥ ಉಗ್ರ ವಸ್ತುಗಳು ತನ್ನನ್ನೇ ಸುಡಬಾರದಲ್ಲ, ಅದಕ್ಕೆ ಈ ರಕ್ಷಣೆ. ಸೋಂಕಿನ ಜಾಗಕ್ಕೆ ಚುರುಕಾಗಿ ಸಾಗುವುದಕ್ಕೂ ಅದು ಬೇಕು. ಕೆಲಸ ಮುಗಿದ ಕಣ ಒಡೆದು ಚೆಲ್ಲದೆ ಅಚ್ಚುಕಟ್ಟಾಗಿ ಸಾಯಬೇಕು, ಸತ್ತ ಕಣಗಳನ್ನು ತೆರವು ಮಾಡುವ ಮ್ಯಾಕ್ರೊಫೇಜ್ ಎಂಬ ಇನ್ನೊಂದು ಕಣ ಬಂದು ಅದನ್ನು ನುಂಗಬೇಕು. ಇದಕ್ಕೂ ವಿಟಮಿನ್ ಸಿ ನೆರವಾಗುತ್ತದೆ. ಜಾಹೀರಾತುಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ನನಗಂತೂ ಇದೇ ಮುಖ್ಯ. ಕಣ ಅಲ್ಲೇ ಒಡೆದರೆ ಪೆಟ್ಟು ಬೀಳುವುದು ಸುತ್ತಲಿನ ಅಂಗಾಂಶಕ್ಕೆ.

ಆದರೆ ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 100 ಮಿಲಿಗ್ರಾಂಗೇ ಈ ಕಣಗಳು ತುಂಬಿಬಿಡುತ್ತವೆ. ಮೇಲಿನದರಲ್ಲಿ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಒಂದಿಷ್ಟು ಆಕ್ಸಲೇಟ್ ಆಗಿ, ಅಂದರೆ ಕಲ್ಲು ಕಟ್ಟಲು ಕಾರಣವಾಗಬಲ್ಲ ವಸ್ತುವಾಗಿ. ಕಲ್ಲಾದವರಿಗೆ ಅದು ಒಳ್ಳೆಯದಲ್ಲ. ನಾಲ್ಕು ಮಾತ್ರೆ ಎಂದರೆ 2000 ಮಿಲಿಗ್ರಾಂ, ಆರೋಗ್ಯವಂತರಿಗೇ ಹೇಳುವ ಗರಿಷ್ಠ ಮಿತಿ.

ಸಾಗರದ ಮೇಷ್ಟ್ರು:
ಅಪ್ಪಯ್ಯನವರ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ ತೂಗಿನೋಡಿದ 2013ರ ಕೊಕ್ರೇನ್ ವಿಮರ್ಶೆಯ ಪ್ರಕಾರ, ನಿತ್ಯವೂ ತೆಗೆದುಕೊಂಡ ವಯಸ್ಕರಲ್ಲಿ ನೆಗಡಿಯ ಅವಧಿ ಸುಮಾರು ಶೇ. 8ರಷ್ಟು ಕಡಿಮೆಯಾಗಿತ್ತು. ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ತಪ್ಪಲಿಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ದಣಿಯುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕೆ ಇಳಿದಿತ್ತು.

ತೀರ್ಥಹಳ್ಳಿಯವಳು:
ಹಾಗಾದರೆ ಹಿತ್ತಲಿನ ಪೇರಲೆ, ನೆಲ್ಲಿಕಾಯಿ ತಂಬುಳಿ ಸಾಕೇ?

ಗಾಜುಪಟ್ಟಿ:
ಧಾರಾಳವಾಗಿ ಸಾಕು. 100 ಗ್ರಾಂ ಪೇರಲೆಯಲ್ಲೇ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ತಂಬುಳಿಗೆ ನೆಲ್ಲಿಕಾಯಿಯನ್ನು ಬೇಯಿಸದೆ ಹಸಿಯಾಗಿಯೇ ಅರೆಯಿರಿ, ಕಾಯಿಸಿದರೆ ವಿಟಮಿನ್ ನಷ್ಟ. ಮಾತ್ರೆಯ ವಿಚಾರ ವೈದ್ಯರಿಗೆ ತಿಳಿಸಿ. ಮೂತ್ರಪರೀಕ್ಷೆಗೆ ಕೊಡುವಾಗ ಲ್ಯಾಬಿನವರಿಗೂ ಹೇಳಿ: ಮೂತ್ರದಲ್ಲಿ ವಿಟಮಿನ್ ಸಿ ಹೆಚ್ಚಿದ್ದರೆ, ರಕ್ತದ ಅಂಶವಿದ್ದರೂ ಪರೀಕ್ಷಾ ಪಟ್ಟಿ ಇಲ್ಲವೆಂದು ತೋರಿಸಬಹುದು. ಕಲ್ಲಿನ ರೋಗಿಯಲ್ಲಿ ನಾವು ಹುಡುಕುವುದೇ ಆ ರಕ್ತವನ್ನು.