ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಲ್ಲರ ದೇಹಕ್ಕೂ ಹೊಂದುತ್ತದೆಯೇ?

ಪ್ರಶ್ನೆ:
ನಾನು ದಾವಣಗೆರೆಯಲ್ಲಿರುವ 47 ವರ್ಷದ ಶಿಕ್ಷಕಿ. ರಕ್ತದಲ್ಲಿ ಸಕ್ಕರೆಯ ಅಂಶ ಗಡಿರೇಖೆಯಲ್ಲಿದೆ ಎಂದು ವೈದ್ಯರು ಹೇಳಿದ ಮೇಲೆ, ಮಗ ಕೊಡಿಸಿದ ಸ್ಮಾರ್ಟ್ ವಾಚಿನ ಲೆಕ್ಕವನ್ನೇ ನಂಬಿ, ಮೊದಲ ದಿನದಿಂದಲೇ ಹತ್ತು ಸಾವಿರ ಹೆಜ್ಜೆ ನಡೆಯತೊಡಗಿದೆ. ಮೂರನೆಯ ವಾರಕ್ಕೆ ಬಲ ಮಂಡಿ ನೋಯತೊಡಗಿತು. ಬೆಳಿಗ್ಗೆ ಏಳುವಾಗಲೂ ಹಿಂದಿನ ದಿನದ ಆಯಾಸ ಹಾಗೆಯೇ ಇರುತ್ತದೆ. ನಿಲ್ಲಿಸಿದರೆ ಸಕ್ಕರೆ ಏರೀತು, ಮುಂದುವರಿಸಿದರೆ ಮಂಡಿ ಕೈಕೊಟ್ಟೀತು. ನನಗೆ ಎಷ್ಟು ಸಾಕೆಂದು ತಿಳಿಯುವುದು ಹೇಗೆ?

ಉತ್ತರ 1:
ಹತ್ತು ಸಾವಿರವೆಂಬುದು ವೈದ್ಯರು ಅಳೆದು ಹೇಳಿದ ಸಂಖ್ಯೆಯಲ್ಲ ಮೇಡಂ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬ ಅರ್ಥದ ಹೆಸರಿಟ್ಟಿದ್ದರು. ಜಾಹೀರಾತಿನ ಆ ಸಂಖ್ಯೆ ಇಂದು ನಿಮ್ಮ ಕೈಯ ಮೇಲೆ ಕುಳಿತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೆಜ್ಜೆಗಳನ್ನು ಎಣಿಸುವುದಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇರಲಿ ಎನ್ನುತ್ತದೆ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಿದ್ದರೆ ಅದು ಮಧ್ಯಮ ಶ್ರಮ. ಅಷ್ಟನ್ನೂ ಮೊದಲ ವಾರದಲ್ಲೇ ಮುಟ್ಟಬೇಕಾಗಿಲ್ಲ.

ಉತ್ತರ 2:
ನಿಮ್ಮೂರು ಕುಸ್ತಿಗೆ ಹೆಸರಾದ ಊರು. ಆದ್ದರಿಂದ ಗರಡಿಯ ಮಾತನ್ನೇ ಹೇಳುತ್ತೇನೆ. ನಾನು ಸಾಮು ಕಲಿಯುವಾಗ ನಮ್ಮ ಉಸ್ತಾದರು ಹೊಸಬರಿಗೆ ಇಪ್ಪತ್ತು ಬಸ್ಕಿ ಮುಗಿದೊಡನೆ ನಿಲ್ಲಿಸುತ್ತಿದ್ದರು. ಇನ್ನೂ ಹೊಡೆಯಬಲ್ಲೆ ಎಂದು ಹುಡುಗರು ಎಷ್ಟೇ ಗೋಗರೆದರೂ ಬಿಡುತ್ತಿರಲಿಲ್ಲ. ಆಯುರ್ವೇದವೂ ವ್ಯಾಯಾಮವನ್ನು ಅರ್ಧಶಕ್ತಿಗೇ ನಿಲ್ಲಿಸಬೇಕೆನ್ನುತ್ತದೆ. ಉಸಿರು ಬಾಯಿಗೆ ಬರತೊಡಗುವುದೇ ಆ ಅರ್ಧದ ಗುರುತೆಂದು ಸುಶ್ರುತ ಸಂಹಿತೆ ಹೇಳಿದೆ. ಅದೇ ಪರಂಪರೆ ಚಳಿಗಾಲ ಮತ್ತು ವಸಂತಕ್ಕೆ ಅರ್ಧಶಕ್ತಿಯನ್ನು ಹೇಳಿ, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಸಾಕೆನ್ನುತ್ತದೆ. ದಾವಣಗೆರೆಯ ಬೇಸಿಗೆಯ ಬಿಸಿಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉತ್ತರ 3:
ಉಸಿರು ಕೆಲವೇ ವಾರಗಳಲ್ಲಿ ಅಭ್ಯಾಸಕ್ಕೆ ಒಗ್ಗುತ್ತದೆ, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ದಮ್ಮು ಇದ್ದರೂ ಮಂಡಿ ಸೋಲುವುದಕ್ಕೆ ಅನೇಕ ಬಾರಿ ಇದೇ ಕಾರಣ. ಮೊದಲು ಮಂಡಿಯನ್ನು ವೈದ್ಯರಿಗೆ ತೋರಿಸಿ. ಅವರು ಒಪ್ಪಿದರೆ, ಮೂರು ಊಟಗಳ ನಂತರ ಹತ್ತು ಹತ್ತು ನಿಮಿಷ ನಡೆಯಿರಿ. ಊಟದ ನಂತರದ ನಡಿಗೆ ಆಗ ಏರುವ ಸಕ್ಕರೆಯನ್ನು ತಗ್ಗಿಸಲು ನೆರವಾಗುತ್ತದೆ, ಮಂಡಿಯ ಮೇಲಿನ ಭಾರವೂ ಹಂಚಿಹೋಗುತ್ತದೆ. ಹಾಸಿಗೆಯಿಂದ ಏಳುವ ಮೊದಲು ನಾಡಿಯನ್ನು ಎಣಿಸಿ ಬರೆದಿಡಿ. ಅದು ಕೆಲವು ದಿನ ಎಂದಿಗಿಂತ ಹೆಚ್ಚಾಗಿಯೇ ಇದ್ದು ಆಯಾಸವೂ ಉಳಿದಿದ್ದರೆ, ಆ ವಾರ ಶ್ರಮವನ್ನು ಇಳಿಸಿ. ನಡೆಯುವಾಗ ಎದೆ ನೋವು ಅಥವಾ ತಲೆಸುತ್ತು ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸೋಮವಾರ ಮಂಡಿಯನ್ನು ತೋರಿಸಲು ಹೋಗುತ್ತಿದ್ದೇನೆ. ಶಾಲೆಯಲ್ಲಿ ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ಸಿಗುವುದು ಕಷ್ಟ. ಮೇಲ್ವಿಚಾರಣೆಗೆಂದು ವರಾಂಡದಲ್ಲಿ ಓಡಾಡುವುದನ್ನೂ ನಡಿಗೆಯೆಂದೇ ಲೆಕ್ಕ ಹಾಕಬಹುದಲ್ಲವೇ?

ಉತ್ತರ 3 ಬರೆದವರು:
ಧಾರಾಳವಾಗಿ ಹಾಕಬಹುದು.