ನಿಸರ್ಗದಲ್ಲಿ ಸಹಕಾರವಿದೆ ಎಂದರೆ ಪ್ರಭುತ್ವ ಬೇಡವೆಂದು ಅರ್ಥವೇ?

ಪ್ರಶ್ನೆ (ಚಳ್ಳಕೆರೆಯಿಂದ):
ನಾನು ಜೀವಶಾಸ್ತ್ರದ ಶಿಕ್ಷಕಿ. ವಿಕಾಸವಾದದ ಪಾಠವನ್ನು ಮಕ್ಕಳು ಬಲಿಷ್ಠರ ಗೆಲುವಿನ ಕಥೆಯೆಂದೇ ತಿಳಿಯುತ್ತಾರೆ. ಇದಕ್ಕೆ ಎದುರಾದದ್ದೇನಾದರೂ ಇದೆಯೇ ಎಂದು ಹುಡುಕುವಾಗ, ಪ್ರಭುತ್ವವೇ ಬೇಡವೆನ್ನುತ್ತಿದ್ದ ರಷ್ಯಾದ ಅರಾಜಕತಾವಾದಿ ಪೀಟರ್ ಕ್ರೊಪೊಟ್ಕಿನ್ 1902ರಲ್ಲಿ ಪ್ರಕಟಿಸಿದ ‘ಮ್ಯೂಚುಯಲ್ ಏಡ್’ ಕೈಗೆ ಬಂತು. 1860ರ ದಶಕದಲ್ಲಿ ಸೈಬೀರಿಯಾ ಸುತ್ತಿದ ಆತನಿಗೆ ಒಂದೇ ಜಾತಿಯ ಪ್ರಾಣಿಗಳ ಕಾದಾಟಕ್ಕಿಂತ, ಹಿಮ ಮತ್ತು ಹಸಿವಿನ ಎದುರು ಅವು ಒಟ್ಟಾಗಿ ಬದುಕುವ ಬಗೆಯೇ ಹೆಚ್ಚಾಗಿ ಕಂಡಿತು. ಆದರೆ ಇರುವೆಗಳು ಸಹಕರಿಸುತ್ತವೆ ಎಂಬುದರಿಂದ ಮನುಷ್ಯರಿಗೆ ಸರ್ಕಾರ ಬೇಡವೆಂದು ಹೇಗೆ ಸಿದ್ಧವಾಗುತ್ತದೆ?

ಉತ್ತರ (ದಾವಣಗೆರೆಯಿಂದ):
ಸಿದ್ಧವಾಗುವುದಿಲ್ಲ, ಮೇಡಂ. ಆದರೆ ಆ ಪುಸ್ತಕ ಯಾರಿಗೆ ಕೊಟ್ಟ ಉತ್ತರವೆಂಬುದನ್ನು ಗಮನಿಸಬೇಕು. 1888ರಲ್ಲಿ ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಥಾಮಸ್ ಹಕ್ಸ್ಲಿ ಪ್ರಾಣಿಲೋಕವನ್ನು ಗ್ಲಾಡಿಯೇಟರುಗಳ ಕಾಳಗಕ್ಕೆ ಹೋಲಿಸಿ, ಆದಿಮಾನವರ ಬದುಕೂ ಎಲ್ಲರ ವಿರುದ್ಧ ಎಲ್ಲರ ಯುದ್ಧವಾಗಿತ್ತು ಎಂದು ಬರೆದಿದ್ದರು. ಆ ಚಿತ್ರವನ್ನು ಒಪ್ಪಿದರೆ, ಮೇಲಿನಿಂದ ಹಿಡಿದಿಡುವ ಅಧಿಕಾರವಿಲ್ಲದೆ ಸಮಾಜವೇ ಇಲ್ಲ ಎನಿಸುವುದು ಸಹಜ. ಕ್ರೊಪೊಟ್ಕಿನ್ ಕೆಡವಿದ್ದು ಆ ಆಧಾರವನ್ನು. ಅಷ್ಟರಮಟ್ಟಿಗೆ ಆತನ ವಾದ ಗಟ್ಟಿಯಾಗಿದೆ ಎಂದು ನಾನು ನಂಬುತ್ತೇನೆ.

ಉತ್ತರ (ಹಿರಿಯೂರಿನಿಂದ):
ಒಂದು ದೌರ್ಬಲ್ಯವನ್ನೂ ಹೇಳಬೇಕು. ಸಹಕಾರದಿಂದ ಇಡೀ ಜೀವಿಜಾತಿಗೆ ಲಾಭವೆಂದು ಕ್ರೊಪೊಟ್ಕಿನ್ ವಿವರಿಸಿದ. ಇತರರ ದುಡಿಮೆಯಲ್ಲಿ ಪುಕ್ಕಟೆ ಬದುಕುವ ಜೀವಿಗಳು ಹೆಚ್ಚುತ್ತ ಹೋಗಿ ಸಹಕಾರವನ್ನೇ ಏಕೆ ಅಳಿಸುವುದಿಲ್ಲ ಎಂಬುದಕ್ಕೆ ಆತನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಮುಂದೆ ಜೀವಶಾಸ್ತ್ರಜ್ಞರಾದ ಹ್ಯಾಮಿಲ್ಟನ್ 1964ರಲ್ಲಿ ರಕ್ತಸಂಬಂಧದ ಮೂಲಕ, 1971ರಲ್ಲಿ ಟ್ರಿವರ್ಸ್ ಕೊಟ್ಟು ಪಡೆಯುವ ವ್ಯವಹಾರದ ಮೂಲಕ ಇದನ್ನು ವಿವರಿಸಿದರು. ನಿಮ್ಮ ಭಾಗದ ಶೇಂಗಾ ಹೊಲದಲ್ಲಿಯೇ ಒಳ್ಳೆಯ ಪಾಠವಿದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತದೆ, ಗಿಡ ಅದಕ್ಕೆ ಆಹಾರ ಕೊಡುತ್ತದೆ. ಇದೇ ಬಗೆಯ ಸಂಬಂಧವಿರುವ ಸೋಯಾ ಗಿಡಗಳಲ್ಲಿ ಕೆಲವು ಗಂಟುಗಳಿಗೆ ಸಾರಜನಕ ಸಿಗದಂತೆ ಮಾಡಿ ನೋಡಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು: ಕೆಲಸ ನಿಂತ ಆ ಗಂಟುಗಳಲ್ಲಿ ಬ್ಯಾಕ್ಟೀರಿಯಾದ ವೃದ್ಧಿ ಕುಗ್ಗಿತು, ಗಿಡವು ಆಮ್ಲಜನಕದ ಪೂರೈಕೆಯನ್ನು ಇಳಿಸಿದ ಸೂಚನೆಗಳೂ ದೊರೆತವು. ಇಲ್ಲಿ ದಂಡನೆಯಿದೆ, ಆದರೆ ಅದು ವ್ಯವಹಾರದಲ್ಲಿರುವ ಪಾಲುದಾರನಿಂದಲೇ ಬರುತ್ತದೆ. ಇಬ್ಬರ ಮೇಲೂ ಕುಳಿತ ಮೂರನೆಯವರಿಲ್ಲ.

ಉತ್ತರ (ಚನ್ನಗಿರಿಯಿಂದ):
ಹಿರಿಯೂರಿನವರ ಕೊನೆಯ ಮಾತನ್ನು ಮನುಷ್ಯರಲ್ಲಿ ಪರೀಕ್ಷಿಸಿದವರು ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹುಕಾಲ ಬಾಳಿದ ನೀರಾವರಿ, ಹುಲ್ಲುಗಾವಲು, ಮೀನುಗಾರಿಕೆ ವ್ಯವಸ್ಥೆಗಳಲ್ಲಿ ಬಳಸುವವರೇ ನಿಯಮ ರೂಪಿಸಿದ್ದರು, ಕಾಯುವವರು ಅವರಿಗೇ ಉತ್ತರದಾಯಿಗಳಾಗಿದ್ದರು, ತಪ್ಪಿದವರಿಗೆ ದಂಡ ಸಣ್ಣದರಿಂದ ಆರಂಭವಾಗುತ್ತಿತ್ತು. ಆಸ್ಟ್ರಮ್ ಅರಾಜಕತಾವಾದಿಯಲ್ಲ, ಸ್ಥಳೀಯರ ಈ ಹಕ್ಕನ್ನು ಸರ್ಕಾರ ಮಾನ್ಯ ಮಾಡಬೇಕೆಂದೂ ಹೇಳಿದರು.

ಆದರೂ ನಮ್ಮ ಕೆರೆಗಳನ್ನು ನೆನೆದಾಗ ನನಗೆ ಪೂರ್ಣ ಸಮಾಧಾನವಿಲ್ಲ. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದ ನೀರುಗಂಟಿ ಬಹಳ ಊರುಗಳಲ್ಲಿ ದಲಿತನಾಗಿದ್ದ. ಅಚ್ಚುಕಟ್ಟಿನ ಭೂಮಿ ಮಾತ್ರ ಹೆಚ್ಚಾಗಿ ಮೇಲ್ಜಾತಿಯವರ ಕೈಯಲ್ಲಿತ್ತು. ಅಲ್ಲಿ ಸಹಕಾರವಿತ್ತು, ಕಾವಲಿತ್ತು, ದೂರದ ಅಧಿಕಾರಿಯ ಅಪ್ಪಣೆಯೂ ಬೇಕಿರಲಿಲ್ಲ. ಸಮಾನತೆ ಮಾತ್ರ ಇರಲಿಲ್ಲ. ಕ್ರೊಪೊಟ್ಕಿನ್ ಹಳ್ಳಿಯ ಸಮುದಾಯಗಳ ಬಗ್ಗೆ ಬರೆದ ಅಧ್ಯಾಯವನ್ನು ತಾವು ತರಗತಿಯಲ್ಲಿ ಓದಿಸುವುದಾದರೆ, ನಿಯಮ ಮಾಡುವಾಗ ಆ ಕೆರೆಯ ಏರಿಯ ಮೇಲೆ ಯಾರು ಕೂರಬಹುದಿತ್ತು, ಯಾರು ದೂರ ನಿಲ್ಲಬೇಕಿತ್ತು ಎಂಬುದನ್ನೂ ಮಕ್ಕಳಿಂದಲೇ ಕೇಳಿಸಿ.