ಪದಚರ್ಚೆ: ರಾಡಾರ್ ಸ್ಕ್ಯಾನ್ ಮಾಡೂದಕ್ಕ ‘ಹಾಯಿಸು’ ಅಂದ್ರ ನಡೀತೈತೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿಯಿಂದ ಬರಿಯಾಕತ್ತೀನಿ, ಪಿಯು ಹುಡುಗ್ರಿಗೆ ಫಿಜಿಕ್ಸ್ ಕಲಸ್ತೀನಿ. ಒಂದು ಶಬ್ದ ಗಂಟು ಬಿದ್ದೈತಿ, ಬಲ್ಲವ್ರು ಬಿಡಿಸಿಕೊಡ್ರಿ.

2025ರ ಏಪ್ರಿಲ್‌ನ್ಯಾಗ ನಮ್ಮ ನೌಕಾಪಡೆಗೆ 26 ರಫೇಲ್ ಮರೀನ್ ವಿಮಾನ ತಗೊಳ್ಳೂ ಒಪ್ಪಂದ ಆತಲ್ಲ, ಆವಾಗಿಂದ ಹುಡುಗ್ರು ಬೆನ್ನ ಬಿದ್ದಾರ, ಸರ್ ಅದರ ರಾಡಾರ್ ಬಗ್ಗೆ ಕಾಲೇಜ್ ಮ್ಯಾಗಜಿನ್‌ಗೆ ಕನ್ನಡದಾಗ ಬರೀರಿ ಅಂತ. ಸಾಂಬ್ರಾ ಕಡೆ ಹುಡುಗ್ರ ಅವು, ತಲಿ ಮ್ಯಾಲ ವಿಮಾನ ಹೊಂಟ್ರ ಪಾಠ ಬಿಟ್ಟು ಕಿಟಕಿ ನೋಡೂ ಮಂದಿ. ಬರಿಯಾಕ ಕುಂತೆ, ಮೊದಲನೇ ಸಾಲಿನ್ಯಾಗ ಸಿಕ್ಕೊಂಡೆ. ರಫೇಲ್‌ನ ಮೂತಿಯೊಳಗ ಇರೂದು ಆರ್‌ಬಿಇ2 ಅನ್ನೂ ಏಸಾ ರಾಡಾರ್, ಬಿಡಿಸಿ ಹೇಳಿದ್ರ ಆಕ್ಟಿವ್ ಎಲೆಕ್ಟ್ರಾನಿಕಲಿ ಸ್ಕ್ಯಾನ್ಡ್ ಅರೇ. ‘ಸಕ್ರಿಯ ವಿದ್ಯುನ್ಮಾನ ಶೋಧಕ ವ್ಯೂಹ’ ಅಂತ ಬರದೆ. ಓದಿ ನೋಡಿದ್ರ ಬಯಲಾಟದಾಗ ಸಾರಥಿ ಒದರಿದಂಗ ಆತು, ಹೊಡದ ಹಾಕಿದೆ.

ಸ್ಕ್ಯಾನ್ ಅಂತ ಹಂಗ ಬಿಡೂಣು ಅಂದ್ರ, ನಮ್ಮವ್ವಗ ಓದಿ ಹೇಳಿದಾಗ ‘ಯಾರಿಗೇನ ಆಗೇತೋ ಯಪ್ಪಾ, ಯಾಕ ಸ್ಕ್ಯಾನ್ ಮಾಡಸ್ಯಾರ’ ಅಂದ್ಲು. ಅಕಿಗೆ ಸ್ಕ್ಯಾನ್ ಅಂದ್ರ ದವಾಖಾನಿ. ‘ಶೋಧ’ ನನಗ ಬ್ಯಾಡ, ಯಾಕಂದ್ರ ಶೋಧ ಅಂದ್ರ ಹುಡುಕೂದು, ಸಿಕ್ಕ ಮ್ಯಾಲ ಮುಗೀತು. ರಾಡಾರ್‌ನ್ಯಾಗ ಸ್ಕ್ಯಾನ್ ಅಂದ್ರ ಆ ಕಿರಣ ಈ ಮಗ್ಗಲದಿಂದ ಆ ಮಗ್ಗಲಕ್ಕ ಹೋಗೂ ನಡಿಗಿ, ವೈರಿ ವಿಮಾನ ಸಿಗಲಿ ಬಿಡಲಿ ಅದು ನಡದ ಇರತೈತಿ.

ಈಗ ನೌಕಾಪಡೆಯ ವಿಮಾನ ಹೊರೂ ಹಡಗು ವಿಕ್ರಾಂತ್ ಮ್ಯಾಲಿಂದ ಹಾರೂ ಮಿಗ್-29ಕೆ ವಿಮಾನದೊಳಗ ಝುಕ್-ಎಂಇ ರಾಡಾರ್ ಐತಿ. ಅದರ ಆಂಟೆನಾ ಒಂದು ಚಪ್ಪಟಿ ತಾಟು, ಮೋಟರ್ ಅದನ್ನ ಆ ಕಡೆ ಈ ಕಡೆ ಹೊಳ್ಳಸ್ತೈತಿ, ತಾಟು ಹೊಳ್ಳಿದ ಕಡೆ ಕಿರಣ. ರಫೇಲ್‌ದಾಗ ತಾಟು ಅಳ್ಳಾಡಂಗಿಲ್ಲ. ಅದರ ತುಂಬ ಸಣ್ಣ ಸಣ್ಣ ಆಂಟೆನಾ ಇರತಾವು. ಇಂಥಾ ರಾಡಾರ್ ಸುಮಾರು 10 ಗಿಗಾಹರ್ಟ್ಸ್‌ನ್ಯಾಗ ಕೆಲಸ ಮಾಡತಾವು, ತರಂಗದ ಉದ್ದ 3 ಸೆಂಟಿಮೀಟರ್, ಅದರ ಅರ್ಧದಷ್ಟು, ಅಂದ್ರ ಒಂದು ಬೆರಳಗಲದಾಗ ಒಂದೊಂದು ಆಂಟೆನಾ. ಮಗ್ಗಲದಂವಗಿಂತ ಪ್ರತಿಯೊಂದೂ ಚೂರು ತಡಮಾಡಿ ತರಂಗ ಬಿಟ್ರ ಎಲ್ಲಾ ಕೂಡಿದ ಕಿರಣ ತಡಾ ಆದ ಕಡೆ ವಾಲತೈತಿ, ಅದೂ ಕಣ್ಣ ಪಿಳಕಸೂದ್ರೊಳಗ ಎಷ್ಟೋ ಸಲ. ಒಂದು ಕೊರತೀನೂ ಐತ್ರಿ, ನಡುವಿನಿಂದ ಎರಡೂ ಕಡೆ ಸುಮಾರು 60 ಡಿಗ್ರಿ ದಾಟಿದ್ರ ಕಿರಣ ಸೊರಗತೈತಿ, ಕುತ್ತಿಗಿ ಇಲ್ಲದಂವ ಹಿಂದ ಹೆಂಗ ನೋಡಬೇಕು.

ಇದಕ್ಕ ಶಬ್ದ ಸಿಕ್ಕಿದ್ದು ಕಬ್ಬಿನ ಹೊಲದಾಗ. ಗೋಕಾಕ ಹತ್ರ ನಮ್ಮೂರಿಗೆ ಹೋಗಿದ್ದೆ, ರಾತ್ರಿ ಎರಡಕ್ಕ ತ್ರೀಫೇಸ್ ಬಂತು, ಕಾಕಾ ಬ್ಯಾಟರಿ ಹಿಡಕೊಂಡು ನೀರು ಹಾಸಾಕ ಹೊಂಟ, ನಿದ್ದಿ ಹಾರಿತ್ತು ನಾನೂ ಹೋದೆ. ಬಾಂವಿ ಇದ್ದಲ್ಲೇ, ಮೋಟರ್ ಇದ್ದಲ್ಲೇ. ಕಾಕಾ ಸಲಿಕಿಲೆ ಒಂದು ಸಾಲಿನ ಬಾಯಿಗೆ ಮಣ್ಣ ಒತ್ತಿದ, ಮಗ್ಗಲ ಸಾಲಿನ ಬಾಯಿ ಕಡದ, ನೀರು ಬ್ಯಾಟರಿ ಬೆಳಕಿನ್ಯಾಗ ಮಿಂಚಕೊಂತ ಆ ಕಡೆ ಹೊಳ್ಳಿತು. ಏನೂ ಜಾಗಾ ಬಿಡಲಿಲ್ಲ, ಹೊಳ್ಳಿದ್ದು ನೀರು ಅಷ್ಟ. ನೀರು ಹಾಯಿಸು, ಕಣ್ಣು ಹಾಯಿಸು, ಎರಡೂ ಕನ್ನಡದಾಗ ಮೊದಲ ಅದಾವು, ಮತ್ತ ರಾಡಾರ್‌ಗೂ ಹಾಯಿಸು ಅಂದ್ರ ಏನ ತಪ್ಪು?

ಅದ ಹೊಲದಾಗ ಇನ್ನೊಂದು ಹೊಳೀತು. ಮ್ಯಾಲ ಹೇಳಿದ ಆಂಟೆನಾದ ತಡಾ ಅಳಿಯೂದು ಫೇಸ್‌ನ್ಯಾಗ, ಫೇಸ್‌ಗೆ ನಮ್ಮ ಪುಸ್ತಕದಾಗ ಪ್ರಾವಸ್ಥೆ ಅಂತಾರ, ಹುಡುಗ್ರು ಅದನ್ನ ಬಾಯಿಪಾಠ ಮಾಡಿ ಮರೀತಾರ. ಹಳ್ಳ್ಯಾಗ ಫೇಸ್ ಅಂದ್ರ ಗೊತ್ತಿಲ್ಲದ ರೈತ ಯಾರದಾನ? ‘ಒಂದು ಫೇಸ್ ಹೋಗೇತಿ, ಮೋಟರ್ ಹಾಕಬ್ಯಾಡ್ರಿ, ಸುಟ್ಟಗಿಟ್ಟೀತು’ ಅಂತ ಸಣ್ಣ ಹುಡುಗನೂ ಹೇಳತಾನ. ಮತ್ತ ಇದು ಬರೇ ಹೆಸರಿನ ಹೋಲಿಕಿ ಅಲ್ಲ. ಮೂರು ತಂತಿಯೊಳಗಿನ ಕರೆಂಟ್ ಒಂದರ ಹಿಂದ ಒಂದು 120 ಡಿಗ್ರಿ ತಡಾ ಆಗಿ ಬರತಾವಂತ ಮೋಟರ್‌ನ ಅಳ್ಳಾಡದ ಸುತ್ತುಗಳೊಳಗ ಕಾಂತಕ್ಷೇತ್ರ ಗಿರಗಿರ ತಿರಗತೈತಿ. ರಾಡಾರ್‌ನ್ಯಾಗ ಹಂಗ ತಡಾ ಮಾಡಿ ಕಿರಣ ಹೊಳ್ಳಸ್ತಾರ. ಹಿಂಗಾಗಿ ಫೇಸ್‌ನ ಫೇಸ್ ಅಂತಾನ ಬರಿಯಾವ ನಾನು, ಈ ಮಾತಿನ್ಯಾಗ ಹಿಂದ ಸರಿಯಂಗಿಲ್ಲ.

ಆಕ್ಟಿವ್, ಪ್ಯಾಸಿವ್‌ದು ಬ್ಯಾರೇ ಕಥಿ. ರಫೇಲ್‌ನ ಮೊದಲಿನ ಆರ್‌ಬಿಇ2 ಪ್ಯಾಸಿವ್ ಇತ್ತು, ಆಮ್ಯಾಲ ಅದ ಹೆಸರಿನ್ಯಾಗ ಆಕ್ಟಿವ್ ಬಂತು. ಪ್ಯಾಸಿವ್ ಅಂದ್ರ ನಿಷ್ಕ್ರಿಯ ಅಂತ ಬರದ್ರ ಓದೂ ಮಂದಿ ಅದು ಕೆಟ್ಟು ಕುಂತೈತಿ ಅಂದ್ಕೋತಾರ. ಅದು ಕೆಟ್ಟಿಲ್ಲ, ಹಿಂದ ಒಂದ ಟ್ರಾನ್ಸ್‌ಮಿಟರ್, ಅದರ ಪವರ್ ಎಲ್ಲಾ ಆಂಟೆನಾಕ್ಕ ಹಂಚತಾರ, ಒಂದ ಬಾಂವಿ ಇದ್ದಂಗ. ಆಕ್ಟಿವ್‌ನ್ಯಾಗ ಪ್ರತಿ ಆಂಟೆನಾಕ್ಕ ಬೆನ್ನಿಗೆ ತನ್ನದ ಸ್ವಂತ ಟ್ರಾನ್ಸ್‌ಮಿಟರ್ ರಿಸೀವರ್, ಸಾಲಿಗೊಂದು ಮೋಟರ್ ಕೂಡಸಿದಂಗ. ನಾಕಾರು ಸುಟ್ರೂ ಉಳದವು ನಡಸ್ತಾವು. ‘ಒಂಟಿಮೂಲ’ ‘ಬಿಡಿಮೂಲ’ ಅಂದ್ರ ಹೆಂಗ? ನನಗ ಪೂರಾ ಸಮಾಧಾನ ಇಲ್ಲ, ಮೂಲ ಅಂದಕೂಡ್ಲೆ ಹುಡುಗ್ರು ಮೂಲವ್ಯಾಧಿ ಅಂತ ಕಿಸಿತಾವು.

ಇನ್ನ ಸಮುದ್ರದ ಮ್ಯಾಲ ಹಾರೂ ವಿಮಾನಕ್ಕ ಕ್ಲಟರ್ ಕಾಟ. ಕಿರಣ ಕೆಳಗ ಹೊಡದ್ರ ತೆರಿ ಎಲ್ಲಾ ಹೊಳ್ಳಿ ಒದರತಾವು, ಅದರೊಳಗ ನೀರಿಗೆ ಹತ್ತಿ ಬರೂ ಕ್ಷಿಪಣಿ ಹೆಕ್ಕಬೇಕು. ‘ಸಮುದ್ರದ ಗೊಂದಲ’ ಅಂತ ಬರದೆ. ನಮ್ಮವ್ವ ಮತ್ತ ಹಿಡದ್ಲು, ‘ಸಮುದ್ರದಾಗ ಗೊಂದಲ ಯಾರ ಹಾಕಸ್ಯಾರ, ಸಂಬಾಳ ಬಾರಸಾವ್ರು ನೀರಾಗ ನಿಲ್ತಾರೇನು?’ ನಮ್ಮ ಕಡೆ ಗೊಂದಲ ಅಂದ್ರ ಅಂಬಾಭವಾನಿ ಹೆಸರಿಲೆ ರಾತ್ರಿ ಇಡೀ ಹಾಡಸೂದು, ಮೈಸೂರು ಕಡೆಯವ್ರಿಗೆ ಇದು ಹೊಳಿಲಿಕ್ಕಿಲ್ಲ. ಗದ್ದಲ ಅಂತ ಬದಲಸೋಣಂದ್ರ ಅದನ್ನ ನಾಯ್ಸ್‌ಗೆ, ಅಂದ್ರ ರಿಸೀವರ್‌ನ್ಯಾಗ ತಾನ ಹುಟ್ಟೂ ಗುಂಯ್‌ಗುಟ್ಟೂದಕ್ಕ, ಕೊಟ್ಟೀನಿ, ನಾಯ್ಸ್ ಬ್ಯಾರೇ, ಕ್ಲಟರ್ ಬ್ಯಾರೇ, ಕ್ಲಟರ್ ಖರೇನ ಹೊಳ್ಳಿ ಬಂದ ದನಿ, ನಮಗ ಬ್ಯಾಡಾದದ್ದು ಅಷ್ಟ. ಗೊಂದಲಾನ ಇಟ್ಟೀನಿ ಸದ್ಯಕ್ಕ.

ಈಗ ಹಾಯಿಸೂದಕ್ಕ ಬರ್ರಿ. ಎರಡು ತಕರಾರು ನನಗ ಗೊತ್ತ ಅದಾವು. ಹಡಗಿನ ವಿಮಾನದ ವಿಷಯದಾಗ ‘ಹಾಯಿ’ ಅಂದ್ರ ಮಂದಿಗೆ ಹಾಯಿಹಡಗಿನ ಬಟ್ಟಿ ನೆನಪಾಗಬಹುದು. ಮತ್ತ ನಮ್ಮ ಕಡೆ ಎತ್ತು ಹಾಯತೈತಿ ಅಂದ್ರ ಕೋಡಿಲೆ ತಿವೀತೈತಿ ಅಂತ ಅರ್ಥ, ‘ಹಾಯೂ ರಾಡಾರ್’ ಅಂತ ಬರದ್ರ ಕಾಕಾ ದೂರ ಸರಿತಾನ. ಇವೆರಡೂ ಸಣ್ಣ ತಕರಾರು, ‘ಹಾಯಿಸು’ ಅಂತ ಕ್ರಿಯಾಪದ ಮಾಡಿದ್ರ ಹೋಗತಾವು.

ದೊಡ್ಡದು ಇದು: ನಾವು ಮಾತಾಡೂವಾಗ ನೀರು ಹಾಯಿಸೂದು ಅನ್ನಂಗಿಲ್ಲ, ನೀರು ಹಾಸೂದು ಅಂತೀವಿ. ಈ ಹಾಸು ‘ಹಾಯ್ಸು’ ಸವದು ಆದದ್ದೋ, ಇಲ್ಲಾ ಹಾಸಿಗಿ ಹಾಸೂ ಹಾಸೋ? ಸವದದ್ದಾದ್ರ ನನ್ನ ಶಬ್ದಕ್ಕ ನಮ್ಮ ಹೊಲದ ಬಲ ಐತಿ. ಹಾಸಿಗಿ ಹಾಸಾದ್ರ ಕೆಲಸ ಕೆಟ್ಟಿತು, ಹಾಸೂದು ಅಂದ್ರ ಅಗಲಕ ಹರವೂದು, ರಾಡಾರ್ ಕಿರಣ ಇರಬೇಕಾದ್ದು ಸಣ್ಣಕ. ವಿಜಯಪುರ, ಬಾಗಲಕೋಟಿ ಕಡೆಯವ್ರು, ನಿಮ್ಮಲ್ಲಿ ಮುದುಕರು ಕಬ್ಬಿಗೆ ಏನ ಮಾಡ್ತೀವಿ ಅಂತಾರ, ಹಾಸತೀವೋ ಹಾಯಸತೀವೋ? ಅವರ ಬಾಯಿಲೆ ಕೇಳಿ ಬರೀರಿ, ನಿಘಂಟು ನಾನೂ ತಗದ ನೋಡತೀನಿ.